ಆ ಕಾಲು ನಿನಗೆ ನೋಯೋದಿಲ್ಲ

ನನ್ನ ಗಂಡ ಏನು ಡಾಕ್ಟರು ಎಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ ಮಾತು ಬದಲಿಸಿಬಿಡುತ್ತಾರೆ. ಅವರ ತಂಗಿಯ ಮಗ ಕಣ್ಣಿನ ಡಾಕ್ಟರು, ಓರಗಿತ್ತಿಯ ಮಗಳು ಹಲ್ಲಿನ ಡಾಕ್ಟರು. ತಮ್ಮ ಮಗನನ್ನು ಏನೆಂದು ಹೇಳಬೇಕು? "ತಪ್ಪಿನ ಡಾಕ್ಟ್ರು ಅನ್ಲಾ? ಕೇಳಿದೋರು ಏನಂದ್ಕೋಬೇಕು? ಒಂದು ಮೂಳೆನೋ ಮೂತ್ರಪಿಂಡನೋ ಹಿಡ್ಕೊಳ್ಳೋಕೆ ನಿನಗೇನು ಧಾಡಿ ಆಗಿತ್ತು?" ಎಂದು ಮಗನನ್ನೇ ಬೈಯುತ್ತಾರೆ. ಮಗ ಬೈಸಿಕೊಂಡು, ಆ ಮಾತನ್ನು ಅಕ್ಷರ ಬಿಡದೆ ಅಮ್ಮನಿಗೇ ತಿರುಗಿ ಒಪ್ಪಿಸಿ, "ಸರಿಯಾಗಿ ಕೇಳಿಸ್ಕೊಂಡೆ ಅಲ್ವಾಮ್ಮ?" ಎನ್ನುತ್ತಾರೆ. ಅದು ಅವರ ಕಸುಬು ಅಂಟಿಸಿದ ಚಾಳಿ.

ದೊಡ್ಡಾಸ್ಪತ್ರೆಯ ಕಾಲೇಜಿನಲ್ಲಿ ಇವರು ಕಲಿಸುವುದು ಇಷ್ಟೇ: ವೈದ್ಯರು ಹೇಗೆ ತಪ್ಪು ಮಾಡುತ್ತಾರೆ, ಮಾಡದಿರುವುದು ಹೇಗೆ, ಮಾಡುತ್ತಿರುವವರನ್ನು ತಡೆಯುವುದು ಹೇಗೆ. ಮನೆಯಲ್ಲಿ ಇವರು ಉಪ್ಪಿನ ಡಬ್ಬಿ ತೆಗೆಯುವುದನ್ನು ನೀವು ನೋಡಬೇಕು. ತೆಗೆಯುವಾಗ "ಉಪ್ಪು", ಮುಚ್ಚಳ ಬಿಚ್ಚುವಾಗ "ಉಪ್ಪು ತಾನೇ?", ಹಾಕುವ ಮೊದಲು ನನ್ನ ಕಡೆ ತಿರುಗಿ "ಉಪ್ಪು." ಅಷ್ಟಾದ ಮೇಲೆ ಆ ಉಪ್ಪನ್ನು ಕಾಫಿಗೆ ಹಾಕುತ್ತಾರೆ. ಎರಡು ಕಾಲಿಗೆ ಬೇರೆ ಬೇರೆ ಜೊತೆಯ ಬೂಟು ಹಾಕಿಕೊಂಡು ಪಾಠಕ್ಕೆ ಹೋಗಿದ್ದುಂಟು. ಎಡ ಯಾವುದು, ಬಲ ಯಾವುದು ಎಂದು ಕೇಳಿದರೆ ಮೊದಲು ಕೈ ನೋಡಿಕೊಳ್ಳುತ್ತಾರೆ. ಗಡಿಯಾರ ಇರುವ ಕೈ ಎಡ. ಗಡಿಯಾರ ರಿಪೇರಿಗೆ ಕೊಟ್ಟ ವಾರ ನಾನು ಅವರನ್ನು ಬೀದಿ ದಾಟಲು ಬಿಡಲಿಲ್ಲ. "ಅದಕ್ಕೇ ನೋಡು, ತಪ್ಪು ಮಾಡೋನಿಗೇ ತಪ್ಪಿನ ಬೆಲೆ ಗೊತ್ತಿರೋದು" ಎಂದು ನನಗೇ ಉಪದೇಶ ಮಾಡಿದರು. ಇಂಥವರ ಜೊತೆ ಜಗಳವಾಡಿ ಗೆದ್ದವರುಂಟೇ?

ಈ ಹುಚ್ಚು ಹಿಡಿದದ್ದು ಅವರು ಹೊಸ ಡಾಕ್ಟರಾಗಿದ್ದಾಗ. ಅವರಿದ್ದ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಸರಿಯಿದ್ದ ಕಣ್ಣಿನ ಆಪರೇಷನ್ ಆಗಿಹೋಯಿತು. ಇವರು ಆ ದಿನ ಬೇರೆ ವಾರ್ಡಿನಲ್ಲಿದ್ದರು. ಆಮೇಲೆ ಆ ಆಪರೇಷನ್ ಕೋಣೆಯೊಳಗಿದ್ದ ನಾಲ್ಕು ಜನ, ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು, ಇವರ ಹತ್ತಿರ ಬಂದು "ನನಗೆ ಆಗಲೇ ಅನುಮಾನ ಇತ್ತು" ಎಂದರಂತೆ. ನಾಲ್ವರಿಗೂ ಅನುಮಾನ, ನಾಲ್ವರ ಬಾಯಿಗೂ ಬೀಗ. ದೊಡ್ಡ ಸರ್ಜನ್ನರಿಗೆ ಹೇಳುವುದು ಹೇಗೆ ಎಂದು. ಅದನ್ನು ಹೇಳುವಾಗ ಮಾತ್ರ ನನ್ನವರ ಮುಖದಲ್ಲಿ ನಗು ಇರುವುದಿಲ್ಲ, ನಾನೂ ತಮಾಷೆ ಮಾಡುವುದಿಲ್ಲ.

ಲಾಂಡ್ರಿಯ ಹಿಂದಿನ ಹಳೇ ಸ್ಟೋರ್ ರೂಮನ್ನು ಕಾಡಿ ಬೇಡಿ ಪಡೆದು ಇವರು 'ತಪ್ಪುಗಳ ಕೋಣೆ' ಮಾಡಿದರು. ಒಂದು ಹಾಸಿಗೆ, ಒಬ್ಬ ರೋಗಿ, ಸುತ್ತ ಬೇಕೆಂದೇ ಇಟ್ಟ ತಪ್ಪುಗಳು. ಕೈಪಟ್ಟಿಯಲ್ಲಿ ಬೇರೆಯವರ ಹೆಸರು, ಒಂದೇ ಥರದ ಎರಡು ಔಷಧಿ ಸೀಸೆ, ಇಳಿಸಿಟ್ಟ ಹಾಸಿಗೆಯ ಕಂಬಿ, ಮಂಚದ ಪಕ್ಕ ನೆಲದ ಮೇಲೆ ನೀರು. ವಿದ್ಯಾರ್ಥಿಗಳು ಬಂದು ಕಂಡುಹಿಡಿಯಬೇಕು. ಮಂಚದ ಒಂದು ಚಕ್ರಕ್ಕೆ ಬ್ರೇಕಿಲ್ಲ ಎಂದು ಪ್ರತಿ ವರ್ಷ ಯಾರಾದರೂ ಕಂಡುಹಿಡಿಯುತ್ತಾರೆ. "ಅದು ನಿಜವಾದದ್ದು ಕಣಪ್ಪ, ಅದನ್ನ ಬಿಟ್ಟು ಬೇರೆ ಹೇಳು" ಎನ್ನುತ್ತಾರೆ ಇವರು.

ರೋಗಿ ನಾನೇ. ದುಡ್ಡು ಕೊಟ್ಟು ನಟರನ್ನು ಕರೆಸಲು ಕಾಲೇಜು ಒಪ್ಪಲಿಲ್ಲ, ಅತ್ತೆಯನ್ನು ಕೇಳಿದ್ದಕ್ಕೆ ಅವರು ಎರಡು ದಿನ ಮಾತು ಬಿಟ್ಟರು. ಹಾಗಾಗಿ ಬಲಗಾಲಿಗೆ ಬ್ಯಾಂಡೇಜು ಸುತ್ತಿಕೊಂಡು ನಾನು ಮಲಗಬೇಕು. ಮುರಿದದ್ದು ಬಲಗಾಲು ಎಂದು ಮಂಚಕ್ಕೆ ನೇತುಹಾಕಿದ ಚೀಟಿಯೂ ಹೇಳುತ್ತದೆ. ತಪ್ಪುಗಳನ್ನೆಲ್ಲ ಹುಡುಕಿದ ಮೇಲೆ ಕೊನೆಯ ಪಾಠ. ಇವರು ಟೋಪಿ, ಮಾಸ್ಕು, ಕೈಗವಸು ಹಾಕಿಕೊಂಡು ದೊಡ್ಡ ಸರ್ಜನ್ನರಾಗಿ ಅಬ್ಬರಿಸುತ್ತ ಒಳಗೆ ಬಂದು, ಸರಿಯಿರುವ ಎಡಗಾಲನ್ನು ತೋರಿಸಿ, "ಹ್ಞೂ, ಈ ಕಾಲಿಗೆ ಪ್ಲಾಸ್ಟರ್ ಹಾಕಿ, ಬೇಗ!" ಎನ್ನುತ್ತಾರೆ. ಆಗ ಯಾರಾದರೂ "ನಿಲ್ಲಿಸಿ ಸರ್" ಎನ್ನಬೇಕು. ಅಷ್ಟೇ ಪರೀಕ್ಷೆ.

ಯಾರೂ ಅನ್ನುವುದಿಲ್ಲ. ಎಲ್ಲರೂ ಚೀಟಿ ನೋಡುತ್ತಾರೆ, ಬ್ಯಾಂಡೇಜು ನೋಡುತ್ತಾರೆ, ಆಮೇಲೆ ಫ್ಯಾನು ನೋಡುತ್ತಾರೆ. ಯಾರೋ ಒಬ್ಬರು ಪ್ಲಾಸ್ಟರ್ ನೆನೆಸುತ್ತಾರೆ. ನಟನೆಯಲ್ಲಿ ನಿಜ ಇರಬೇಕೆಂಬುದು ಇವರ ಹಟ, ಹಾಗಾಗಿ ಪ್ಲಾಸ್ಟರೂ ನಿಜವಾದದ್ದೇ. ಪ್ಲಾಸ್ಟರ್ ಕತ್ತರಿಸುವವನು ಬೇಗ ಮನೆಗೆ ಹೋಗಿದ್ದ ಒಂದು ವರ್ಷ ನಾನು ಅದರಲ್ಲೇ ಬಸ್ಸು ಹತ್ತಿದೆ. ಪಕ್ಕದ ಹೆಂಗಸು "ಅಯ್ಯೋ, ಏನಾಯ್ತಮ್ಮ ಕಾಲಿಗೆ?" ಎಂದು ಕೇಳಿದಳು. "ಏನಿಲ್ಲ, ಇವರು ಮಾಡಿದ್ದು" ಎಂದೆ. ಇಡೀ ಬಸ್ಸು ಇವರನ್ನು ನೋಡಿದ ಬಗೆಗೆ ಇವರು ಒಂದು ಸ್ಟಾಪು ಮೊದಲೇ ಇಳಿದುಬಿಟ್ಟರು.

ಈ ವರ್ಷ ಪ್ರಿನ್ಸಿಪಾಲರು ಇವರನ್ನು ಕರೆದು ಹೇಳಿದರಂತೆ. "ನೋಡಿ, ಇಷ್ಟು ವರ್ಷ ಕಲಿಸಿದ್ರಿ, ಒಂದು ನರಪಿಳ್ಳೆನೂ ಬಾಯಿ ಬಿಟ್ಟಿಲ್ಲ. ಈ ಸಲ ನಾನೇ ಬಂದು ಕೂತ್ಕೋತೀನಿ. ಒಬ್ಬರಾದ್ರೂ 'ನಿಲ್ಸಿ' ಅಂದ್ರೆ ಪಾಠ ಇರ್ಲಿ. ಇಲ್ಲಾಂದ್ರೆ ಆ ಕೋಣೆ ಜೆರಾಕ್ಸ್ ಮೆಷಿನ್‌ಗೆ." ಆ ದಿನ ಮನೆಗೆ ಬಂದ ನನ್ನವರು ಉಪ್ಪಿನ ಡಬ್ಬಿಯ ಮುಂದೆ ಸುಮ್ಮನೆ ನಿಂತಿದ್ದರು. ಒಂದು ಸಲವೂ "ಉಪ್ಪು" ಅನ್ನಲಿಲ್ಲ. "ನಾನು ಬೇಕಾದ್ರೆ ಯಾರಿಗಾದ್ರೂ ಕಣ್ಣು ಹೊಡೀತೀನಿ" ಎಂದೆ. "ಛೆ, ಅದು ಮೋಸ. ಕೋಣೆಯೊಳಗೆ ನೀನು ರೋಗಿ, ನನ್ನ ಹೆಂಡ್ತಿ ಅಲ್ಲ, ನೆನಪಿಟ್ಕೋ" ಎಂದರು.

ಪಾಠದ ದಿನ, ಆಮೇಲೆ ಕೈಗವಸು ಹಾಕಬೇಕಲ್ಲ ಎಂದು ಮೊದಲೇ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಎಲ್ಲ ತಪ್ಪುಗಳನ್ನೂ ಜೋಡಿಸಿ, ಇವರು ಪ್ರಿನ್ಸಿಪಾಲರನ್ನು ಕರೆತರಲು ಹೋದರು. ನಾನು ಮಂಚದ ಕಡೆ ಹೊರಟೆ. ನೀರು ಎಲ್ಲಿ ಸುರಿಯುತ್ತಾರೆಂದು ನನಗೆ ಗೊತ್ತು, ಪ್ರತಿ ವರ್ಷ ಎಡಪಕ್ಕ. ಈ ಸಲ ಬಲಪಕ್ಕ ಸುರಿದಿದ್ದರು, ಯಾಕೆಂದು ಅವರ ಗಡಿಯಾರವನ್ನೇ ಕೇಳಬೇಕು. ಜರ್ರನೆ ಜಾರಿದೆ. ಎಡಪಾದದ ಗಂಟಿನ ಹತ್ತಿರ ಏನೋ ಕಟಕ್ ಎಂದಿತು. ಜೀವ ಬಾಯಿಗೆ ಬಂತು. ಹೇಗೋ ಕಂಬಿ ಹಿಡಿದು ಮಂಚ ಹತ್ತಿ ಬಿದ್ದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆದು ಮಂದೆಯೆಲ್ಲ ಒಳಗೆ ಬಂದಾಯಿತು. ಬಲಗಾಲಿಗೆ ಸುಳ್ಳು ಬ್ಯಾಂಡೇಜು, ಎಡಗಾಲಿಗೆ ನಿಜವಾದ ನೋವು.

"ಅಯ್ಯೋ, ಕಾಲು, ಕಾಲು!" ಎಂದೆ.

"ಈ ವರ್ಷ ಆಂಟಿ ಚೆನ್ನಾಗಿ ಮಾಡ್ತಿದಾರೆ" ಎಂದ ಒಬ್ಬ ಮೆಚ್ಚಿ.

"ರೀ, ತಮಾಷೆ ಅಲ್ಲ, ನಿಜವಾಗ್ಲೂ ನೋಯ್ತಿದೆ!" ಎಂದೆ. ಪ್ರಿನ್ಸಿಪಾಲರು ಸ್ಟೂಲಿನ ಮೇಲೆ ಕೂತು ತಲೆದೂಗಿದರು. ಇವರು ನನ್ನತ್ತ ಕಣ್ಣು ಬಿಟ್ಟರು. ರೋಗಿ ಡಾಕ್ಟರನ್ನು 'ರೀ' ಎನ್ನುವಂತಿಲ್ಲ.

ಹುಡುಗರು ಕೈಪಟ್ಟಿ ಕಂಡುಹಿಡಿದರು, ಸೀಸೆ ಕಂಡುಹಿಡಿದರು, ಚಕ್ರದ ಬ್ರೇಕು ಕಂಡುಹಿಡಿದರು. "ನೆಲ ಒದ್ದೆ ಇದೆ ಸರ್, ರೋಗಿ ಜಾರಿ ಬೀಳಬಹುದು" ಎಂದು ಒಬ್ಬಳು ಹೇಳಿದಾಗ ಇವರು "ಶಭಾಷ್!" ಎಂದರು. "ಬಿದ್ದಾಯ್ತು!" ಎಂದು ನಾನು ಕಿರುಚಿದೆ. ಎಲ್ಲರೂ ನಕ್ಕರು. ನನಗೆ ಬಂದ ಸಿಟ್ಟಿಗೆ ಆ ಎರಡು ಸೀಸೆಗಳನ್ನೂ ಇವರ ತಲೆಗೇ ಎಸೆಯುತ್ತಿದ್ದೆ, ಕೈಗೆ ಎಟುಕಲಿಲ್ಲ.

ಆಮೇಲೆ ಕೊನೆಯ ಪಾಠ. ಇವರು ಹೊರಗೆ ಹೋಗಿ ಟೋಪಿ, ಮಾಸ್ಕು, ಕೈಗವಸು ಹಾಕಿಕೊಂಡು, ಎದೆಯುಬ್ಬಿಸಿ ಅಬ್ಬರಿಸುತ್ತ ಬಂದು ನನ್ನ ಎಡಗಾಲು ತೋರಿಸಿ "ಈ ಕಾಲಿಗೆ ಪ್ಲಾಸ್ಟರ್!" ಎಂದರು. ಫ್ಯಾನು ನೋಡುವ ಕಾರ್ಯಕ್ರಮ ಶುರುವಾಯಿತು. ಒಬ್ಬ ಪ್ಲಾಸ್ಟರ್ ನೆನೆಸಿದ. ಇನ್ನೊಬ್ಬ ನನ್ನ ಎಡಪಾದ ಹಿಡಿದು ಎತ್ತಿದ. ನಾನು ಕೂಗಿದ ಕೂಗಿಗೆ ಲಾಂಡ್ರಿಯವರು ಇಣುಕಿ ನೋಡಿದರು.

ನನ್ನವರಿಗೆ ಕಳವಳವಾಯಿತು. ಕಾಲಿಗಲ್ಲ, ಪಾಠಕ್ಕೆ. ನೋಯಬೇಕಾದ್ದು ಬಲಗಾಲು, ನಾನು ಕೂಗುತ್ತಿರುವುದು ಎಡಗಾಲಿಗೆ. ಹೀಗಾದರೆ ಪ್ಲಾಸ್ಟರ್ ಹಾಕುವುದೇ ಸರಿ ಎಂದು ಹುಡುಗರು ತಿಳಿದುಬಿಟ್ಟರೆ? ಬಗ್ಗಿ ನನ್ನ ಕಿವಿಯ ಹತ್ತಿರ ಹಲ್ಲು ಕಚ್ಚಿ ಹೇಳಿದರು, "ಆ ಕಾಲು ನಿನಗೆ ನೋಯೋದಿಲ್ಲ!"

"ನೋಯ್ತಿದೆ!"

"ನೋಯೋದಿಲ್ಲ ಅಂತ ಮೊದಲೇ ಹೇಳಿದೀನಲ್ಲ! ನೀವು ಎಳೀರಯ್ಯ, ಪಾದ ನೆಟ್ಟಗೆ ಮಾಡಿ!"

ಆ ಗುಂಪಿನ ಹಿಂದೆ ಒಬ್ಬಳಿದ್ದಳು. ಕೆಲವು ವರ್ಷ ಓದು ಬಿಟ್ಟು, ಮಕ್ಕಳಾದ ಮೇಲೆ ಮತ್ತೆ ಬಂದು ಸೇರಿದ ವಿದ್ಯಾರ್ಥಿನಿ. ಅವಳಿ ಗಂಡುಮಕ್ಕಳ ತಾಯಿ. ಹಾಜರಿ ಕೂಗಿದರೆ ಅವಳ "ಎಸ್ ಸರ್" ಮೊದಲ ಬೆಂಚಿಗೂ ಕೇಳಿಸುವುದಿಲ್ಲವೆಂದು ಎಲ್ಲರೂ ಅವಳನ್ನು ಮೆಲುದನಿ ಎನ್ನುತ್ತಿದ್ದರು. ಅವಳು ಎಲ್ಲರ ಭುಜದ ಸಂದಿಯಿಂದ ನನ್ನ ಕಾಲನ್ನೇ ನೋಡುತ್ತಿದ್ದಳು. ಕಾಲಿನ ಗಂಟು ಆಗಲೇ ಬನ್ನಿನ ಹಾಗೆ ಊದಿತ್ತು. ಅವಳ ಬಾಯಿ ಒಂದು ಸಲ ತೆರೆದು ಮುಚ್ಚಿತು. ಇನ್ನೊಂದು ಸಲ ತೆರೆದು ಮುಚ್ಚಿತು. ಹುಡುಗ ಪಾದ ಎಳೆಯಲು ಎರಡೂ ಕೈ ಹಾಕಿದ.

"ನಿಲ್ಸಿ ಅಂದ್ರೆ ನಿಲ್ಸಿ!"

ಅದು ಪ್ಲಗ್ಗಿನೊಳಗೆ ಬೆರಳಿಡಲು ಹೋದ ಮಕ್ಕಳಿಗೆ ಹಾಕುವ ಕೂಗು. ಕಿಟಕಿಯ ಗಾಜು ಅದುರಿತು. ಹುಡುಗ ಕಾಲು ಬಿಟ್ಟ. ಇನ್ನೊಬ್ಬ ಪ್ಲಾಸ್ಟರನ್ನು ತನ್ನ ಬೂಟಿನ ಮೇಲೆ ಬಿಟ್ಟ. ಪ್ರಿನ್ಸಿಪಾಲರು ತಾವೇ ಏನೋ ತಪ್ಪು ಮಾಡಿದವರಂತೆ ಸ್ಟೂಲಿನಿಂದ ಎದ್ದು ನಿಂತುಬಿಟ್ಟರು.

"ಅದನ್ನ ಕೆಳಗಿಡಿ! ನೀವು ಈ ಕಡೆ ಬನ್ನಿ! ಸರ್, ನೀವು ಕೈ ತೆಗೀರಿ! ಅವರು ಆಗ್ಲಿಂದ ನೋಯ್ತಿದೆ, ಬಿದ್ದೆ ಅಂತ ಬಡ್ಕೋತಿದಾರೆ, ನಿಮಗೆ ಕೇಳಿಸ್ತಿಲ್ವಾ?" ಎಂದವಳೇ, ತಾನು ಯಾರಿಗೆ ಹೇಳಿದೆ ಎಂದು ಹೊಳೆದು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ನನ್ನವರು ಮಾಸ್ಕು ತೆಗೆದರು. ಮುಖ ಬಿಳಚಿಕೊಂಡಿತ್ತು. ನನ್ನ ಕಾಲು ನೋಡಿದರು, ನೆಲದ ನೀರು ನೋಡಿದರು, ನನ್ನ ಮುಖ ನೋಡಿದರು. "ನಿಜವಾಗ್ಲೂ ಬಿದ್ಯಾ?" ಎಂದರು. ನಾನು ಉತ್ತರ ಕೊಡುವ ಮೊದಲೇ ಆ ಮುಖದಲ್ಲಿ ಬೇರೇನೋ ಹತ್ತಿಕೊಂಡಿತು. "ಅಂದ್ಳು! ಸರ್, ಕೇಳಿದ್ರಾ? 'ನಿಲ್ಸಿ' ಅಂದ್ಳು!" ಎಂದು ಪ್ರಿನ್ಸಿಪಾಲರ ಎರಡೂ ಕೈ ಹಿಡಿದು ಕುಣಿದರು. ಆಮೇಲೆ ನನ್ನ ನೆನಪಾಗಿ ಓಡಿಬಂದು "ತಪ್ಪಾಯ್ತು ಕಣೇ, ತಪ್ಪಾಯ್ತು" ಎಂದರು. ಮತ್ತೆ ತಿರುಗಿ "ಅಂದ್ಳು!" ಎಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಗಂಡನ ಮೇಲೆ ಇಷ್ಟು ಕೋಪವೂ ಇಷ್ಟು ಪ್ರೀತಿಯೂ ಒಂದೇ ಹೊತ್ತಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಮಲಗಿದ್ದ ಮಂಚವನ್ನೇ, ಬ್ರೇಕಿಲ್ಲದ ಚಕ್ರದ ಸಮೇತ, ಎಲ್ಲರೂ ಎಕ್ಸ್‌ರೇ ಕೋಣೆಗೆ ತಳ್ಳಿದರು. ಮೆಲುದನಿ ನನ್ನ ಕೈ ಹಿಡಿದುಕೊಂಡು ಜೊತೆಗೆ ನಡೆದಳು. "ಸಾರಿ ಆಂಟಿ, ಜೋರಾಗಿ ಕೂಗ್ಬಿಟ್ಟೆ" ಎಂದಳು. ಏನೆಂದೆ ಎಂದು ಎರಡನೇ ಸಲ ಕೇಳಿದ ಮೇಲೆ ನನಗೆ ಅದು ಕೇಳಿಸಿತು. ಪ್ರಿನ್ಸಿಪಾಲರು ಹಿಂದಿನಿಂದ "ಜೆರಾಕ್ಸ್ ಮೆಷಿನ್ ಎಲ್ಲಾದ್ರೂ ಇಡೋಣ ಬಿಡಿ" ಎನ್ನುತ್ತಿದ್ದರು.

ಎಕ್ಸ್‌ರೇಯವನು ನನ್ನ ಬಲಗಾಲಿನ ಬ್ಯಾಂಡೇಜು ನೋಡಿ, ಇವರ ಕಡೆ ತಿರುಗಿ, "ಯಾವ ಕಾಲು ಸರ್?" ಎಂದು ಕೇಳಿದ.

ನನ್ನವರು ಅಭ್ಯಾಸಬಲದಿಂದ ತಮ್ಮ ಕೈ ನೋಡಿಕೊಂಡರು. ಗಡಿಯಾರ ಜೇಬಿನಲ್ಲಿತ್ತು.

"ಬಲಗಾಲು" ಎಂದರು.

"ನಿಲ್ಸಿ ಸರ್!"

ಒಬ್ಬಳಲ್ಲ, ಎಲ್ಲರೂ. ಫ್ಯಾನು ನೋಡಿದವರು, ಪ್ಲಾಸ್ಟರ್ ನೆನೆಸಿದವನು, ನನ್ನ ಪಾದ ಎಳೆಯಲು ಹೊರಟವನು, ಒಂದೇ ಗಂಟಲಲ್ಲಿ. ಎಕ್ಸ್‌ರೇಯವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

ನನ್ನವರು ಗೋಡೆಗೆ ಒರಗಿ, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, ಮಗುವಿನ ಹಾಗೆ ಅತ್ತರು. ಎಕ್ಸ್‌ರೇಯವನು ಪಾಪ, ಕಾಲು ಮುರಿದದ್ದು ಅವರದ್ದೇ ಎಂದು ತಿಳಿದು ಅವರಿಗೆ ಕುರ್ಚಿ ತಂದುಕೊಟ್ಟ.