ಓದದೇ ಒತ್ತಿದ ಓಕೆ

ಯಲಹಂಕ ನ್ಯೂಟೌನಿನ ಕಂಪ್ಯೂಟರ್ ಅಂಗಡಿಯವರು ಹೊಸ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಓದ್ಕೊಂಡು ಓಕೆ ಒತ್ತಿ ಸಾರ್" ಅಂದರು. ಪರದೆಯ ತುಂಬ ಇಂಗ್ಲಿಷ್. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು (ಈ ಅಂಕಣ ಓದುವ ನಿಮಗದು ಹೊಸ ಸುದ್ದಿಯಲ್ಲ). ಆದರೂ ಕನ್ನಡಕ ಸರಿಮಾಡಿಕೊಂಡೆ. ಸಾಲಿನಿಂದ ಸಾಲಿಗೆ ಕಣ್ಣಾಡಿಸಿದೆ. ನಡುವೆ ಒಮ್ಮೆ ತಲೆಯನ್ನೂ ಆಡಿಸಿ, ಓಕೆ ಒತ್ತಿದೆ.

ಪಕ್ಕದಲ್ಲಿ ತಂಗಿ ಶೋಭಾ ನಿಂತಿದ್ದಳು. ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಅವಳೆದುರು ಹೇಳುವುದುಂಟೇ?

"ಏನಿತ್ತಣ್ಣ ಅದ್ರಲ್ಲಿ?"

"ಎಲ್ಲಾ ಸರಿಯಾಗಿದೆ, ಬಾ."

ಶೋಭಾ ಗಾರ್ಮೆಂಟ್ಸ್ ಕೆಲಸ ಬಿಟ್ಟು, ಅಟ್ಟೂರಿನ ನಮ್ಮ ಮನೆಯಲ್ಲೇ ಕನ್ನಡ ಟೈಪಿಂಗ್ ಶುರು ಮಾಡಲು ಹೊರಟಿದ್ದಳು. ಅವಳು ಕೇಳಿದ್ದು ಫ್ರೀ ಸಾಫ್ಟ್‌ವೇರ್. "ನಮ್ ಟೈಪಿಂಗ್ ಕ್ಲಾಸಲ್ಲಿ ಅದ್ರಲ್ಲೇ ಹೇಳ್ಕೊಟ್ಟಿದ್ದು ಅಣ್ಣ, ನನ್ ಕೆಲ್ಸಕ್ಕೆ ಅದೇ ಸಾಕು." ನಾನು ಬಿಟ್ಟೆನೇ? "ಪುಕ್ಕಟೆದು ಎಷ್ಟು ದಿನ ಬರುತ್ತೆ? ಆಫೀಸಲ್ಲೆಲ್ಲ ದುಡ್ಡಿಂದೇ ಇರೋದು" ಎಂದು ಗದರಿ, ದುಡ್ಡಿನದನ್ನೇ ಹಾಕಿಸಿದೆ. ಅದರ ಬೆಲೆಯೂ ಲ್ಯಾಪ್‌ಟಾಪ್ ಜೊತೆಗೇ ಸೇರಿದೆ ಎಂದುಕೊಂಡಿದ್ದೆ. ನಮ್ಮ ಮನೆಗಳಲ್ಲಿ ಹೀಗೇ ತಾನೆ? ಮಿಕ್ಸಿಯಲ್ಲಿ ರುಬ್ಬುವವರು ಒಬ್ಬರು, ಯಾವ ಮಿಕ್ಸಿ ಎಂದು ತೀರ್ಮಾನಿಸುವವರು ಇನ್ನೊಬ್ಬರು.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಪಕ್ಕದ ಮನೆಯ ರತ್ನಮ್ಮ ಬಂದರು. ಶೋಭಾ ಟೈಪ್ ಮಾಡಿಕೊಟ್ಟಿದ್ದ ಮಹಿಳಾ ಸಂಘದ ಪತ್ರವನ್ನು ತಿದ್ದಿಸಿ ಹನ್ನೊಂದಕ್ಕೆ ಬ್ಯಾಂಕಿಗೆ ಕೊಡಬೇಕು. ಪತ್ರವೇನೋ ತೆರೆಯಿತು. ಒಂದಕ್ಷರ ತಿದ್ದಲು ಬಿಡಲಿಲ್ಲ. ಮೇಲೊಂದು ಕೆಂಪು ಪಟ್ಟಿ, ಅದೂ ಇಂಗ್ಲಿಷ್. ಶೋಭಾಳೂ ಓದಿದ್ದು ಕನ್ನಡ ಶಾಲೆಯಲ್ಲಿ, ಅವಳಿಗೂ ಅರ್ಥವಾಗಲಿಲ್ಲ.

"ಬರಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದೇನೇ ಶೋಭಾ? ಮೇನ್ ರೋಡಲ್ಲೇ ಮಾಡಿಸ್ಕೊತಿದ್ದೆ" ಎಂದು ರತ್ನಮ್ಮ ಹೊರಟೇಬಿಟ್ಟರು.

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಒಬ್ಬನೇ ಅಂಗಡಿಗೆ ಓಡಿದೆ.

"ಅದು ಒಂದ್ ತಿಂಗ್ಳು ಟ್ರಯಲ್ ಸಾರ್. ಆಮೇಲೆ ವರ್ಷ ವರ್ಷ ದುಡ್ಡು ಕಟ್ಬೇಕು. ನೀವೇ ಓದಿ ಓಕೆ ಒತ್ತಿದ್ರಲ್ಲ!"

ಅವಳು ಕೇಳಿದ್ದ ಫ್ರೀ ಸಾಫ್ಟ್‌ವೇರನ್ನೇ ಹಾಕಿಸಿದೆ. ಹಳೆಯ ಪತ್ರಗಳೆಲ್ಲ ತೆರೆದವು. ಎಲ್ಲೋ ಒಂದೆರಡು ಸಾಲು ಆಚೀಚೆ ಸರಿದಿದ್ದವು, ಅಷ್ಟೆ.

ಮನೆಗೆ ಬಂದರೆ ಶೋಭಾ ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದಳು. "ನಾನೇ ಏನೋ ಒತ್ತಿ ಕೆಡಿಸ್ಬಿಟ್ನಾ ಅಣ್ಣ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಾನು ಅಂದದ್ದು: "ಹೂಂ, ನೋಡ್ಕೊಂಡು ಒತ್ಬೇಕಮ್ಮ. ಸರಿ ಮಾಡಿಸ್ಕೊಂಡ್ ಬಂದಿದೀನಿ."

ಅಂದಿನಿಂದ ಒಂದೊಂದು ಬಟನ್ನಿಗೂ "ಇದನ್ನ ಒತ್ಲಾ ಅಣ್ಣ?" ಎಂದು ಕೂಗುತ್ತಾಳೆ (ಕೇಳುವುದು ಯಾರನ್ನ!). ನಿನ್ನೆ ಅರ್ಜಿ ಮಾಡಿಸಲು ಬಂದ ಇಬ್ಬರನ್ನು "ನಂಗೆ ಅಷ್ಟೆಲ್ಲ ಬರಲ್ಲ" ಎಂದು ವಾಪಸ್ ಕಳಿಸಿದಳು. ಎರಡೂ ಅವಳಿಗೆ ಚೆನ್ನಾಗಿ ಬರುವ ಕೆಲಸಗಳೇ. ಒಳಗೆ ಕೂತು ಕೇಳಿಸಿಕೊಂಡೆ. ಆಗಲೂ ಎದ್ದು ಬರಲಿಲ್ಲ.

ನಾನು ಕೈಯಲ್ಲಿ ಬರೆಯುವ ಈ ಅಂಕಣವನ್ನು ವಾರವಾರ ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಅವಳೇ. ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಈ ಹಾಳೆಗಳನ್ನು ಅವಳ ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಿದ್ದೇನೆ.

ಶೋಭಾ, ಕೆಡಿಸಿದ್ದು ನಾನು ಕಣಮ್ಮ. ಇದನ್ನ ಯಾರನ್ನೂ ಕೇಳದೆ ನೀನೇ ಕಳಿಸ್ತೀಯಾ?