ಪಾಲಯ್ಯಣ್ಣನ ವಾಲ್ವ್ ಡಬ್ಬ

ಪಾಲಯ್ಯಣ್ಣನನ್ನು ಏನೇ ಕೇಳಿದರೂ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. "ಅಣ್ಣಾ, ಊಟ ಆಯ್ತಾ?" ಅಂದರೆ ಮೊದಲು ಮೀಸೆ ಸವರಿಕೊಳ್ಳುತ್ತಿದ್ದ, ಆಮೇಲೆ ಸೂರು ನೋಡುತ್ತಿದ್ದ. ಅವಸರ ಮಾಡಿದರೆ, "ಬಿಸಿಯಾಗ್ಲಿ ತಡಿಯಮ್ಮ, ನಾನು ವಾಲ್ವ್ ಸೆಟ್ಟು" ಅನ್ನುತ್ತಿದ್ದ. ಹಳೆಯ ರೇಡಿಯೋಗಳಲ್ಲಿ ಗಾಜಿನ ವಾಲ್ವುಗಳು ಮೊದಲು ಕೆಂಪಗೆ ಕಾದು, ಆಮೇಲೆ ಮಾತು ಬರುತ್ತಿತ್ತಲ್ಲ, ಹಾಗೆ.

ಚಳ್ಳಕೆರೆಯ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಹಾಡುತ್ತಿದ್ದೆ, ಅವನು ಗಿಟಾರ್ ನುಡಿಸುತ್ತಿದ್ದ. ಹಗಲೆಲ್ಲ ಎಣ್ಣೆ ಮಿಲ್ಲಿನಲ್ಲಿ ದುಡಿದು ಬರುವ ಅವನ ಕೈಗೆ ಶೇಂಗಾ ಹಿಂಡಿಯ ವಾಸನೆ. ನನ್ನ ಧ್ವನಿ ಎಲ್ಲಿ ಸೋಲುತ್ತದೆಂದು ಅವನಿಗೆ ಮೊದಲೇ ಗೊತ್ತಾಗಿ, ಅಲ್ಲಿಗೆ ಒಂದು ತಂತಿ ಮೀಟಿ ಕಾಯುತ್ತಿದ್ದ. ಅಂಥವನಿಗೆ ತೊಂಬತ್ತರ ದಶಕದಲ್ಲಿ ಕೀಬೋರ್ಡ್ ಎಂಬ ಶನಿ ವಕ್ಕರಿಸಿತು. ಗುಂಡಿ ಒತ್ತಿದರೆ ಗಿಟಾರ್, ಇನ್ನೊಂದು ಒತ್ತಿದರೆ ಶಹನಾಯಿ. ಆರ್ಕೆಸ್ಟ್ರಾ ಯಜಮಾನರು ನೇರವಾಗಿಯೇ ಹೇಳಿಬಿಟ್ಟರು: "ಪಾಲಯ್ಯ, ಸಿದ್ದಾಪುರದೋರ ಮದ್ವೆ ಆರತಕ್ಷತೆಗೆ ಬಾ. ಆಮೇಲೆ ನೋಡನ."

ಆ 'ನೋಡನ'ದ ಅರ್ಥ ನಮ್ಮಿಬ್ಬರಿಗೂ ತಿಳಿದಿತ್ತು. ನನಗೆ ಅಳು ಬಂತು. ಅವನು ಮೀಸೆ ಸವರಿ, ಸೂರು ನೋಡಿ, "ತಂಗೀ, ಮೊಳಕಾಲ್ಮೂರಿಗೆ ಹೋಗಿ ಬರನ ನಡಿ" ಅಂದ.

ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿನ ನೇಕಾರರ ಮನೆಗೆ ಹೋದಾಗ ಅವನು ಅಲ್ಲೊಂದು ಡಬ್ಬ ನೋಡಿದ್ದನಂತೆ. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದಾಗ ಅವನ ಗಿಟಾರ್‌ಗೆ ಧ್ವನಿ ಕೊಟ್ಟಿದ್ದ ವಾಲ್ವ್ ಆಂಪ್ಲಿಫೈಯರ್ ಅದೇ. ಕಂಪನಿ ಮೊಳಕಾಲ್ಮೂರಿನಲ್ಲಿ ಬಿಡಾರ ಹೂಡಿದ್ದಾಗಲೇ ಮುಳುಗಿ, ಅದು ಆ ಮನೆಯ ಪಡಸಾಲೆಯಲ್ಲೇ ಉಳಿದುಬಿಟ್ಟಿತ್ತು. "ಆ ಡಬ್ಬ ಬಂದ್ರೆ ಕೀಬೋರ್ಡು ಬಾಯಿ ಮುಚ್ಕಂಡು ಕೂರ್ತೈತೆ" ಎಂಬುದು ಅವನ ನಂಬಿಕೆ.

ಹೋಗಿ ನೋಡಿದರೆ ಡಬ್ಬದ ಮೇಲೆ ಆ ಮನೆಯ ಹಿರಿಯಳು ನಾಗಮ್ಮಜ್ಜಿ ಕೂತಿದ್ದಳು. ಮಂಡಿ ನೋವಿನ ಆಕೆ ನೆಲದ ಮೇಲೆ ಕೂರಲಾರದೆ, ವರ್ಷಗಟ್ಟಲೆಯಿಂದ ಅದರ ಮೇಲೆ ಕೂತೇ ರಾಟೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದಳು.

"ವದ್ದಪ್ಪಾ ವದ್ದು" ಎಂದು ತೆಲುಗಿನಲ್ಲಿ ಅಂದು, ಬೇಡವೆಂದು ತಲೆಯಾಡಿಸಿದಳು. "ಇದು ನನ್ನ ಎತ್ತರಕ್ಕೆ ಹೇಳಿ ಮಾಡ್ಸಿದಂಗೈತೆ. ಬೇರೆ ಪೀಠದ ಮ್ಯಾಲೆ ಕೂತ್ರೆ ದಾರ ಕಡೀತೈತೆ."

"ನಾನೊಂದು ಸ್ಟೂಲ್ ಮಾಡ್ಕೊಡ್ತೀನಿ ಅಜ್ಜಿ. ದಾರ ಕಡಿದ್ರೆ ಡಬ್ಬ ನಿಂದೇ" ಎಂದ ಪಾಲಯ್ಯಣ್ಣ.

ಅಜ್ಜಿಗೆ ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಒಪ್ಪಿದಳು. ಪಾಲಯ್ಯಣ್ಣ ಬೇವಿನ ಮರದ ಸ್ಟೂಲು ಮಾಡಿ, ಬಸ್ಸಿನ ಟಾಪಿನ ಮೇಲೆ ಹಾಕಿ ಒಯ್ದ. ಕೂತಳು, ದಾರ ಕಡಿಯಿತು. ಕಾಲು ತುಸು ಕೊಯ್ದು ಮತ್ತೆ ಒಯ್ದ. ಮತ್ತೆ ಕಡಿಯಿತು. ಬಸ್ಸಿನ ಕಂಡಕ್ಟರ್, "ಏನಣ್ಣಾ, ಸ್ಟೂಲಿಗೇನು ಪಾಸ್ ಮಾಡ್ಸೀಯಾ?" ಎಂದು ಕಾಡಿದ. ಕೊನೆಗೊಂದು ದಿನ ಅಜ್ಜಿ ಕೂತು ಒಂದಿಡೀ ಲಡಿ ನೂಲು ಸುತ್ತಿದಳು. ದಾರ ಕಡಿಯಲಿಲ್ಲ. ಪಾಲಯ್ಯಣ್ಣ ಉಸಿರು ಬಿಟ್ಟದ್ದು ಬೀದಿಗೆ ಕೇಳಿಸಿರಬೇಕು.

ಆದರೆ ಅಜ್ಜಿ ಡಬ್ಬವನ್ನು ಸುಮ್ಮನೆ ಕಳಿಸಲಿಲ್ಲ. "ಇಷ್ಟು ವರ್ಷ ಮನೇಲಿದ್ದಿದ್ದು, ಬರಿಗೈಲಿ ಕಳಿಸ್ತಾರಾ?" ಎಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ತೆಳು ರೇಷ್ಮೆಯ ರವಿಕೆ ಕಣ ಇಟ್ಟಳು. ನಾವು ನೋಡನೋಡುತ್ತಿದ್ದಂತೆ, ಹೆಣ್ಣುಮಗಳ ಮಡಿಲು ತುಂಬುವ ಹಾಗೆ, ಡಬ್ಬದ ಹಿಂಬದಿಯ ತೆರೆದ ಬಾಯಿಗೆ ಬೊಗಸೆ ತುಂಬ ಅಕ್ಕಿ ಸುರಿದುಬಿಟ್ಟಳು! "ಆಗಾಗ ತವರಿಗೆ ಕರ್ಕೊಂಡು ಬಾರಪ್ಪಾ" ಎಂದು ಕಣ್ಣೊರೆಸಿಕೊಂಡಳು. ಪಾಲಯ್ಯಣ್ಣ ಸೊಸೆಯನ್ನು ಕರೆದೊಯ್ಯುವ ಮಾವನಂತೆ ಕೈಮುಗಿದ.

ಚಳ್ಳಕೆರೆಯಲ್ಲಿ ರೇಡಿಯೋ ರಿಪೇರಿಯ ಸಾಬರು ಅದನ್ನು ಬಿಚ್ಚಿ, "ಯಾ ಅಲ್ಲಾ! ಇದು ಆಂಪ್ಲಿಫೈಯರ್ರೋ, ಅಕ್ಕಿ ಮೂಟೆಯೋ?" ಎಂದರು. ಅಕ್ಕಿ ಝಾಡಿಸಿ, ಹಳೇ ರೇಡಿಯೋಗಳ ಹೊಟ್ಟೆ ಬಗೆದು ವಾಲ್ವ್ ಹುಡುಕಿ, ಸುಟ್ಟ ವೈರುಗಳನ್ನು ಬದಲಿಸಿದರು. ಸ್ಪೀಕರಿನ ಮುಂದಿನ ಹರಿದ ಬಟ್ಟೆಯ ಜಾಗದಲ್ಲಿ ಅಜ್ಜಿಯ ರವಿಕೆ ಕಣವನ್ನೇ ಬಿಗಿದರು. ಸ್ವಿಚ್ ಹಾಕಿದಾಗ ಮೊದಲು ಬಂದದ್ದು ಸದ್ದಲ್ಲ, ಹುರಿದಕ್ಕಿಯ ಘಮ. ಆಮೇಲೆ ಪಾಲಯ್ಯಣ್ಣ ಕೆಳಸ್ವರದ ದಪ್ಪ ತಂತಿ ಮೀಟಿದ. ಜೇನಿನಂಥ ನಾದ, ಅದರ ಬೆನ್ನಿಗೇ 'ಝುಂಯ್' ಎಂಬ ಸಣ್ಣ ಅದುರು.

"ಸ್ಪೀಕರ್ ಸಂದೀಲಿ ಇನ್ನೂ ಎರಡು ಕಾಳು ಐತೆ. ತೆಗೀತೀನಿ" ಎಂದರು ಸಾಬರು.

"ಇರ್ಲಿ ಬಿಡ್ರಿ ಸಾಬ್ರೇ, ತವರಿನ ಅಕ್ಕಿ. ಗೆಜ್ಜೆ ಕಟ್ಕಂಡಂಗೈತೆ" ಎಂದ ಪಾಲಯ್ಯಣ್ಣ.

ಆರತಕ್ಷತೆಯ ದಿನ ವೇದಿಕೆಯ ಮೇಲೆ ಡಬ್ಬ ಕಾಯುವವರೆಗೆ ನಾವೆಲ್ಲ ಕಾದೆವು. ಯಜಮಾನರು ಹಲ್ಲು ಕಡಿದರು. ಆಮೇಲೆ ಅವನು ನುಡಿಸಿದ. ಊಟದ ಪಂಕ್ತಿಗೆ ಓಡುತ್ತಿದ್ದ ಜನ ಹಾಗೇ ನಿಂತರು. ಮುಗಿದ ಮೇಲೆ ಮದುಮಗನ ಅಜ್ಜ, "ಅದೇನಪ್ಪಾ ಗೆಜ್ಜೆ ಸದ್ದು? ಇನ್ನೊಂದ್ಸಲ ನುಡ್ಸು" ಎಂದರು. ಯಜಮಾನರು ಮತ್ತೆಂದೂ 'ನೋಡನ' ಅನ್ನಲಿಲ್ಲ. ಹತ್ತಾರು ವರ್ಷ ನನ್ನ ಹಾಡಿನ ಹಿಂದೆ ಆ ಝುಂಯ್ ಇತ್ತು. ವರ್ಷಕ್ಕೊಮ್ಮೆ ಡಬ್ಬ ಬಸ್ಸು ಹತ್ತಿ ತವರಿಗೂ ಹೋಗಿಬರುತ್ತಿತ್ತು.

ಅವನು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ಹೆಂಗಿದೀಯಣ್ಣಾ?" ಎಂದೆ. ಮೀಸೆ ಸವರಿಕೊಂಡ. ಸೂರು ನೋಡಿದ. ನಾನು ಕಾದೆ. "ಡಬ್ಬ ನೀನೇ ಇಟ್ಕಳಮ್ಮ" ಎಂದ. "ಅಜ್ಜಿ ದಾರಿ ಕಾಯ್ತಿರ್ತಾಳೆ." ಆ ಮಳೆಗಾಲ ಅವನು ದಾಟಲಿಲ್ಲ.

ಡಬ್ಬ ಹೊತ್ತು ಮೊಳಕಾಲ್ಮೂರಿಗೆ ಹೋದೆ. ಸುದ್ದಿ ಕೇಳಿ ನಾಗಮ್ಮಜ್ಜಿ ಬೇವಿನ ಸ್ಟೂಲನ್ನು ಸವರಿದಳು. ಆಮೇಲೆ, "ಅವನಿಗಾಗಿ ಒಂದು ಹಾಡಮ್ಮ" ಎಂದಳು. ಮೈಕು ಸಿಕ್ಕಿಸಿ, ಡಬ್ಬ ಕಾಯಲು ಬಿಟ್ಟು, ಹಾಡಿದೆ. ಕೆಳಗಿನ ಸ್ವರಕ್ಕೆ ಇಳಿದಾಗ ನನ್ನ ದನಿ ಸ್ವಚ್ಛವಾಗಿ ಬಂತು. ಝುಂಯ್ ಅನ್ನಲಿಲ್ಲ. ಅವನು ನುಡಿಸದ ತಿಂಗಳುಗಳಲ್ಲಿ ಯಾವುದೋ ಇಲಿ ಆ ಕಾಳುಗಳನ್ನು ತಿಂದುಹಾಕಿರಬೇಕು. ಅವನು ಹೋದದ್ದು ನನಗೆ ನಿಜವಾಗಿ ತಿಳಿದದ್ದು ಆಗಲೇ. ಹಾಡು ನಿಲ್ಲಿಸಿಬಿಟ್ಟೆ.

ಹೊರಡುವಾಗ ಅಜ್ಜಿ ಈ ಸಲ ನನ್ನ ಮಡಿಲಿಗೆ ಅಕ್ಕಿ ತುಂಬಿದಳು. ನಾನು ಸೆರಗಿನಿಂದ ಎರಡು ಕಾಳು ಆರಿಸಿ, ಡಬ್ಬದ ಹಿಂಬದಿಯಿಂದ ಕೈಹಾಕಿ, ಸ್ಪೀಕರಿನ ಸಂದಿಗೆ ಬಿಟ್ಟೆ.