ಮೂರನೇ ಕೂಗಿಗೆ ಹಿಡಿಯುವ ಚೆಂಡು

ಚೆಂಡನ್ನು ಮೇಲಕ್ಕೆ ಎಸೆದು "ಗಿರಿಜಾ" ಅಂತ ಕೂಗಿದೆ. ಹುಡುಗಿ ನಿಂತಲ್ಲಿಂದ ಅಲ್ಲಾಡಲಿಲ್ಲ. ಚೆಂಡು ನನ್ನ ಕಾಲ ಬಳಿಯೇ ಬಿದ್ದು ಉರುಳಿಹೋಯಿತು.

ಇನ್ನೊಬ್ಬನ ಹೆಸರು ಕೂಗಿದೆ. ಅವನೂ ಅಷ್ಟೇ. ಸುತ್ತ ನಿಂತಿದ್ದ ಇಪ್ಪತ್ತೆಂಟು ಮಕ್ಕಳೂ ಗರುಡಗಂಬದ ಹಾಗೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಆಗಷ್ಟೇ ಮೈಸೂರಿನಲ್ಲಿ ಡ್ರಿಲ್ ಟ್ರೈನಿಂಗ್ ಮುಗಿಸಿ ಬಂದಿದ್ದೆ. ಅಜ್ಜಂಪುರದಿಂದ ಎರಡು ಹರದಾರಿ ಆಚೆ ಒಂದು ಹಳ್ಳಿಯ ಸ್ಕೂಲು. ಚಿಣ್ಣಿದಾಂಡು, ಕುಂಟೆಬಿಲ್ಲೆ ಆಡುವ ಮಕ್ಕಳಿಗೆ ಹೊಸ ಇಂಗ್ಲಿಷ್ ಆಟಗಳನ್ನು ಕಲಿಸಬೇಕೆಂದು ಮೇಲಿನಿಂದ ಹುಕುಂ.

ಈ ಆಟದಲ್ಲಿ ಕಷ್ಟವೇನೂ ಇಲ್ಲ. ಮೇಷ್ಟ್ರು ನಡುವೆ ನಿಂತು ಚೆಂಡು ಎಸೆದು ಒಂದು ಹೆಸರು ಕೂಗಬೇಕು, ಆ ಮಗು ಓಡಿ ಬಂದು ಅದು ನೆಲ ಮುಟ್ಟುವ ಮೊದಲು ಹಿಡಿಯಬೇಕು.

ತಿಂಗಳೊಳಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅವರು ಒಪ್ಪಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ನನಗೆ ಸಿಟ್ಟೇ ಬಂತು.

ಗಿರಿಜೆಯನ್ನು ಹತ್ತಿರ ಕರೆದು ಯಾಕೆ ಓಡಲಿಲ್ಲ ಅಂತ ಕೇಳಿದೆ. ಎಂಟು ವರ್ಷದ ಮಗು. ಲಂಗದ ತುದಿ ಹಿಡಿದುಕೊಂಡು ಹೇಳಿದಳು.

"ಮೂರ್ ಸಲ ಕೂಗ್ಬೇಕು ಮೇಷ್ಟ್ರೇ. ಒಂದೇ ಸಲಕ್ಕೆ ಓ ಅನ್ಬಾರ್ದು. ಅದು ಒಂದೇ ಸಲ ಕೂಗೋದು, ಗೊತ್ತಿರೋರ ದನೀಲಿ. ನಮ್ಮವ್ವ ಓ ಅಂದ್ಬಿಡ್ತು."

ಎರಡು ವರ್ಷದ ಹಿಂದೆ ಆ ಊರಿಗೆ ಪ್ಲೇಗು ಬಂದಿತ್ತು. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಗಿರಿಜೆಯ ತಾಯಿ ತೀರಿಕೊಂಡದ್ದು ಅಲ್ಲಿಯೇ. ಬಾಗಿಲುಗಳ ಮೇಲೆ ಬರೆದ "ನಾಳೆ ಬಾ" ಇನ್ನೂ ಅಳಿಸಿರಲಿಲ್ಲ.

ಇಷ್ಟೆಲ್ಲ ಕೇಳಿಯೂ ನಾನು ನಕ್ಕೆ. ಈಗ ನೆನೆದರೆ ಆ ನಗುವೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಮೊದಲ ಕೂಗಿಗೇ ಓಡಿ ಬಂದವರಿಗೆ ಒಂದು ಹಿಡಿ ಹುರಿಗಡಲೆ ಅಂದೆ. ನಿಂತವರಿಗೆ ಮೈದಾನ ಸುತ್ತುವ ಶಿಕ್ಷೆ. ಹೆಡ್‌ಮೇಷ್ಟ್ರು ಜಗಲಿಯ ಮೇಲೆ ಕೂತು ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತಾ ಹೇಳಿದರು, "ಆಟ ಕಲಿಸಪ್ಪಾ, ಬ್ಯಾಡ ಅನ್ನಲ್ಲ. ಇರೋ ಅಭ್ಯಾಸ ಬಿಡಿಸ್ಬೇಡ ಕಣೋ."

ನಾನು ಕೇಳಬೇಕಲ್ಲ... ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಹದಿನೈದು ದಿನಕ್ಕೆ ಮಕ್ಕಳು ಬಾಣದಂತಾದರು. ಹೆಸರು ನಾಲಿಗೆ ಬಿಡುವಷ್ಟರಲ್ಲಿ ಚೆಂಡು ಕೈಯಲ್ಲಿ. ಎಲ್ಲರಿಗಿಂತ ಚುರುಕು ಗಿರಿಜೆ. ನಾನು ಒಳಗೊಳಗೇ ಬೀಗಿದೆ.

ಇನ್ಸ್‌ಪೆಕ್ಟರು ಬರುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ. ಚೆಂಡಿನ ಗಾಳಿ ಇಳಿದಿತ್ತು. ಮಕ್ಕಳನ್ನು ಸುತ್ತ ನಿಲ್ಲಿಸಿ, ನಾನು ನಡುವೆ ಕೂತು ಬಾಯಿಂದ ಗಾಳಿ ಊದುತ್ತಿದ್ದೆ.

ಸುಡು ಬಿಸಿಲು. ಒಂದು ಕಾಗೆಯ ಸದ್ದೂ ಇಲ್ಲ.

ಇದ್ದಕ್ಕಿದ್ದಂತೆ ಗಿರಿಜೆ ಓಡಿದಳು. ನನ್ನ ಕಡೆಗಲ್ಲ, ಹೊರಗೆ. ಮೈದಾನ ದಾಟಿ, ಹಳೇ ಗುಡಿಸಲುಗಳ ಗೂಟಗಳು ಇನ್ನೂ ನಿಂತಿದ್ದ ಹೊಲದ ಕಡೆಗೆ.

ಮುಖ ಮೇಲೆತ್ತಿದ್ದಾಳೆ. ಎರಡೂ ಕೈ ಮುಂದಕ್ಕೆ ಚಾಚಿದ್ದಾಳೆ, ಚೆಂಡು ಹಿಡಿಯುವಾಗ ನಾನೇ ಹೇಳಿಕೊಟ್ಟ ಹಾಗೆ.

ಆ ಹೊಲದಲ್ಲಿ ಪ್ಲೇಗಿನ ಕಾಲಕ್ಕೆ ಆತುರದಲ್ಲಿ ತೋಡಿದ ಬಾವಿಯೊಂದಿತ್ತು. ಅದಕ್ಕೆ ಕಟ್ಟೆ ಇರಲಿಲ್ಲ.

ಎದ್ದು ಓಡಿದೆ. "ಗಿರಿಜಾ" ಅಂತ ಕೂಗಿದೆ. ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ. ಅವಳ ಹೆಜ್ಜೆ ನಿಧಾನವಾಯಿತು, ನಿಲ್ಲಲಿಲ್ಲ.

ಮೂರನೇ ಸಲ ಕೂಗಿದಾಗ ನಿಂತಳು. ನಾನು ಹೋಗಿ ಹಿಡಿದುಕೊಂಡಾಗ ಅವಳ ಹೆಬ್ಬೆರಳ ಮುಂದೆ ನೆಲ ಇರಲಿಲ್ಲ.

ಎತ್ತಿಕೊಂಡು ಬಂದೆ. ಯಾಕೆ ಓಡಿದೆಯಮ್ಮಾ ಅಂದೆ.

"ನೀವೇ ಕೂಗಿದ್ರಲ್ಲ ಮೇಷ್ಟ್ರೇ, ಅಲ್ಲಿಂದ. ಚೆಂಡೂ ಎಸೆದ್ರಿ."

ಚೆಂಡು ನನ್ನ ಕಂಕುಳಲ್ಲೇ ಇತ್ತು, ಅರ್ಧ ಊದಿದ್ದು. ಹಾಗಾದರೆ ನಾನು ಹಿಂದಿನಿಂದ ಕೂಗಿದಾಗ ಯಾಕೆ ನಿಲ್ಲಲಿಲ್ಲ ಅಂತ ಕೇಳಿದೆ.

"ಅದು ಯಾರೋ ಅಂತ ಗೊತ್ತಾಗ್ಲಿಲ್ಲ. ಮೂರ್ ಸಲ ಆಗ್ಲಿ ಅಂದ್ಕೊಂಡೆ."

ಮಗುವಿಗೆ ಬಿಸಿಲು ತಲೆಗೇರಿರಬೇಕು ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಉಳಿದ ಮಕ್ಕಳ ಕಡೆ ತಿರುಗಿ, ನಿಮಗೆ ಯಾರಿಗಾದರೂ ಕೂಗು ಕೇಳಿಸಿತಾ ಅಂದೆ.

ಇಪ್ಪತ್ತೇಳು ತಲೆಗಳೂ ಹೌದೆಂದು ಆಡಿದವು. ಮುಂದೆ ನಿಂತಿದ್ದವನು ಮೆಲ್ಲಗೆ ಹೇಳಿದ, "ನಿಮ್ ದನೀನೇ ಮೇಷ್ಟ್ರೇ. ಒಂದೇ ಸಲ."

ನನ್ನ ಬಾಯಲ್ಲಿ ಇನ್ನೂ ಆ ಚೆಂಡಿನ ರಬ್ಬರಿನ ರುಚಿ ಇತ್ತು. ನಾನು ಹೇಗೆ ಕೂಗಲಿ?

ಆ ಸಂಜೆಯೇ ಗಿರಿಜೆಯ ಅಜ್ಜಿಯ ಮುಂದೆ ಕೈಮುಗಿದು ನಡೆದದ್ದನ್ನು ಹೇಳಿದೆ. ಮುದುಕಿ ಬೈಯಲಿಲ್ಲ. ಮೊಮ್ಮಗಳ ತಲೆ ಸವರುತ್ತಾ "ಕಲಿಸ್ದೋರೇ ಮರೆಸ್ಬೇಕು ಕಣಪ್ಪಾ" ಅಂದಳು.

ಮರುದಿನವಿಡೀ ಅದೇ ಕೆಲಸ. ಒಂದು ಕೂಗಿಗೆ ಅಲ್ಲಾಡಬಾರದು, ಎರಡಕ್ಕೂ ಇಲ್ಲ. ಮೂರನೆಯದಕ್ಕೆ ಮಾತ್ರ ಓಟ. ಉಳಿದ ಹುರಿಗಡಲೆಯನ್ನೆಲ್ಲ ಸುಮ್ಮನೆ ನಿಂತವರಿಗೆ ಹಂಚಿದೆ.

ಇನ್ಸ್‌ಪೆಕ್ಟರು ಬಂದರು. ಚೆಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಹಾಜರಿ ಪುಸ್ತಕ ನೋಡಿ, ತಾವೇ ಎಸೆದು "ಗಿರಿಜಾ" ಅಂದರು.

ಚೆಂಡು ಅವರ ಬೂಟಿನ ಪಕ್ಕ ಬಿತ್ತು. ಒಂದು ಮಗುವೂ ಕದಲಲಿಲ್ಲ. ಗಿರಿಜೆ ನನ್ನ ಕಡೆ ನೋಡಿದಳು, ನಾನು ಕಣ್ಣಲ್ಲೇ ಭಲೆ ಅಂದೆ.

"ಮಕ್ಕಳು ಮಂದ, ಮೇಷ್ಟ್ರು ಅಯೋಗ್ಯ" ಅಂತ ವರದಿ ಹೋಯಿತು. ಕೆಲಸವೂ ಹೋಯಿತು. ಈಗ ತರೀಕೆರೆಯಲ್ಲಿ ಮಂಡಿಯೊಂದರ ಗುಮಾಸ್ತ.

ಒಮ್ಮೊಮ್ಮೆ ಮಧ್ಯಾಹ್ನ ಮಂಡಿಯಲ್ಲಿ ಯಾರೂ ಇಲ್ಲದಾಗ ಹೊರಗಿನಿಂದ ನನ್ನ ಹೆಸರು ಕೇಳುತ್ತದೆ. ಅದು ನನ್ನದೇ ದನಿ.

ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಇಲ್ಲಿಯ ತನಕ ಅದು ಎರಡನೇ ಸಲ ಕೂಗಿಲ್ಲ... ನೀವು ಎಷ್ಟನೇ ಕೂಗಿಗೆ ಓ ಅಂತೀರಿ?